ಮೊದಲು ಯಾರ ದನಿ

ನಾನು ಆಸ್ಪತ್ರೆಯೊಂದರ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವವನು. ಎಲ್ಲ ಸರಿಯಾಗಿ ನಡೆಯುವಾಗ ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ. ಪ್ರಿಂಟರ್ ಕೆಟ್ಟರೆ ಮಾತ್ರ ಎಲ್ಲರಿಗೂ ಮನೆಮಗ. ಆ ದಿನ ಖರೀದಿ ಸಭೆಗೆ ಹೋಗಿ ನಮಗೊಂದು ಬ್ಯಾಕಪ್ ಸರ್ವರ್ ಬೇಕೇ ಬೇಕು ಅಂತ ಪಟ್ಟು ಹಿಡಿದು ಕೂತೆ.

"ಇನ್ನೊಂದು ಪ್ರತಿ ತಾನೆ? ಅದೇ ರೂಮಲ್ಲಿ, ಅದೇ ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟರಾಯ್ತಪ್ಪ," ಅಂದರು ಖರೀದಿ ಅಧಿಕಾರಿ. ಯಾರು ಏನು ಕೇಳಿದರೂ ಅರ್ಧಕ್ಕೆ ಇಳಿಸುವವರು, ನಾವು ಬೆನ್ನ ಹಿಂದೆ ಕತ್ತರಿ ಸಾಹೇಬರು ಅಂತಲೇ ಕರೆಯುವುದು.

"ಸಾರ್, ಆ ರೂಮಿಗೆ ಬೆಂಕಿ ಬಿದ್ದರೆ ಎರಡೂ ಒಟ್ಟಿಗೇ ಬೂದಿ. ಮನೆಯ ಎರಡು ಬೀಗದ ಕೈನೂ ಒಂದೇ ಜೇಬಲ್ಲಿ ಇಟ್ಕೊಂಡು ಓಡಾಡ್ತೀರಾ?"

ಅವರಿಗೆ ಸಿಟ್ಟು ಬಂತು, ಆದರೂ ಕೇಳಿಸಿಕೊಂಡರು. ಸರ್ವರ್ ಹಿಂದಿನ ಕಟ್ಟಡದಲ್ಲಿರಬೇಕು, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಹಳೆಯ ಉಗ್ರಾಣ ಸಾಕು, ತೇವ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಒಂದು ಡಿಸ್ಕ್ ಸತ್ತರೂ ಉಳಿದವು ಹೊರೆ ಹೊರಬೇಕು. ಇವತ್ತು ಇರುವುದಕ್ಕಷ್ಟೇ ಅಲ್ಲ, ಮುಂದೆ ಬೆಳೆಯುವುದಕ್ಕೂ ಜಾಗ ಬೇಕು. ಕರೆಂಟ್ ಹೋದರೆ ಯಂತ್ರ ಗಾಬರಿಯಾಗದೆ ತಾನಾಗಿ ಆರುವಷ್ಟು ಬ್ಯಾಟರಿ ಬೇಕು. ಎರಡು ಕಟ್ಟಡಗಳ ನಡುವೆ ಇದಕ್ಕೆಂದೇ ಹೊಸ ಫೈಬರ್ ಕೇಬಲ್ ಬೇಕು. ಉಳಿದದ್ದಕ್ಕೆಲ್ಲ ಹೂಂ ಅಂದ ಸಾಹೇಬರು ಕೇಬಲ್ ಹತ್ತಿರ ಬಂದಾಗ ಕತ್ತರಿ ಆಡಿಸಿಯೇಬಿಟ್ಟರು.

"ಹಳೇ ಕೇಬಲ್ ಇದೆಯಲ್ರೀ. ನಿಧಾನ ಆದ್ರೆ ಆಗಲಿ, ಯಾರ ಗಂಟೇನು ಹೋಗುತ್ತೆ?"

ಹೋಗುವ ಗಂಟು ನನ್ನ ಅಕ್ಕನದಾಗಿತ್ತು.

ನಮ್ಮಲ್ಲಿ ದನಿ ವಿಭಾಗ ಅಂತ ಒಂದಿದೆ. ಗಂಟಲ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಬೇಕಾದವರು ಆಪರೇಷನ್‌ಗೆ ಮೊದಲು ಅಲ್ಲಿ ದಿನಗಟ್ಟಲೆ ಕೂತು ಓದುತ್ತಾರೆ, ನಗುತ್ತಾರೆ, ಬೈಯುತ್ತಾರೆ. ದನಿಯ ಜೊತೆ ತುಟಿಯ ವಿಡಿಯೊ ಕೂಡ ಸೇರುತ್ತದೆ. ಆಮೇಲೆ ಅಂಗೈಯಗಲದ ಒಂದು ಸಾಧನದಲ್ಲಿ ಟೈಪ್ ಮಾಡಿದರೆ ಅದು ಅವರದೇ ದನಿಯಲ್ಲಿ ಮಾತಾಡುತ್ತದೆ. ಸಾಧನ ಕೆಟ್ಟರೆ ಹೊಸದರಲ್ಲಿ ದನಿ ಕಟ್ಟಲು ಮೊದಲ ರೆಕಾರ್ಡಿಂಗೇ ಬೇಕು. ಅಷ್ಟೂ ಜನರ ದನಿ ಇದ್ದದ್ದು ಒಂದೇ ಹಳೆಯ ಯಂತ್ರದಲ್ಲಿ. ಅದರ ಡಿಸ್ಕ್ ಆಗಲೇ ಟಿಕ್ ಟಿಕ್ ಅನ್ನತೊಡಗಿತ್ತು. ಡಿಸ್ಕ್ ಸಾಯುವ ಮೊದಲು ಮಾಡುವ ಸದ್ದು ಅದು.

ಅದರಲ್ಲಿ ಎಲ್ಲರಿಗಿಂತ ಕೊನೆಗೆ ಸೇರಿದ್ದು ಅಕ್ಕನ ದನಿ. ಅವಳಿಗೂ ಅದೇ ಕಾಯಿಲೆ, ಆಪರೇಷನ್ ಹತ್ತಿರ ಬಂದಿತ್ತು. ಅಕ್ಕ ಬಸ್ ಕಂಡಕ್ಟರ್. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಕನ್ನಡಿ ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಬೈದು, ಉಣ್ಣಿಸಿ, ಎಬ್ಬಿಸಿ ಬೆಳೆಸಿದ ದನಿ ಅದು. ನನಗೆ ಬೇಕಾಗಿದ್ದದ್ದು ಅದೊಂದೇ, ಸುಳ್ಳು ಯಾಕೆ ಹೇಳಲಿ?

ಪೆನ್ ಡ್ರೈವ್‌ಗೆ ಹಾಕಿಕೊಳ್ಳಬಾರದಿತ್ತೇ ಅನ್ನಬೇಡಿ. ರೋಗಿಗಳ ದನಿ ಹಾಗೆ ಹೊರಗೆ ಹೋಗಕೂಡದು ಅಂತ ಆ ಯಂತ್ರದ ಕಿಂಡಿಗಳಿಗೆಲ್ಲ ಸೀಲ್ ಹಾಕಿದವನು ನಾನೇ. ಅದೂ ಅಲ್ಲದೆ, ಯಾವ ದಾರಿಯಲ್ಲಿ ತೆಗೆದರೂ ಓದಬೇಕಾದ್ದು ಅದೇ ಡಿಸ್ಕ್. ಸಾಯಲು ಕೂತ ಡಿಸ್ಕಿಗೆ ಒಂದೊಂದು ಓದೂ ಒಂದೊಂದು ಪೆಟ್ಟು.

ಸರ್ವರ್ ಬಂತು, ಉಗ್ರಾಣದಲ್ಲಿ ಕೂತಿತು. ಹಳೇ ಕೇಬಲ್, ತಡವರಿಸುವ ಡಿಸ್ಕ್, ಎರಡೂ ಸೇರಿ ಒಬ್ಬರ ದನಿ ದಾಟಿಸಲು ಅರ್ಧ ದಿನ ಹಿಡಿಯುತ್ತದೆ ಅಂತ ಲೆಕ್ಕ ಹಾಕಿದೆ. ಹೊಸಬರಿಂದ ಶುರುಮಾಡಿ ಹಳಬರ ಕಡೆಗೆ ಹೋಗುವುದು ನಮ್ಮ ವಾಡಿಕೆ. ಅಂದರೆ ಅಕ್ಕನದೇ ಮೊದಲು. ಯಾರನ್ನೂ ಕೇಳಿಕೊಳ್ಳದೆ, ಯಾರಿಗೂ ಮೋಸ ಮಾಡದೆ ಹಾಗೆ ಒದಗಿ ಬಂದಿತ್ತು. ಆ ಸಂಜೆ ಮನೆಗೆ ಹೋದವನೇ ಖುಷಿಯಿಂದ ಅವಳಿಗೆ ಹೇಳಿದೆ.

ಅಕ್ಕ ತಟ್ಟೆ ಒರೆಸುತ್ತಿದ್ದಳು. "ನಡುವೆ ಡಿಸ್ಕ್ ಹೋದ್ರೆ?"

"ದಾಟಿದ್ದು ಉಳಿಯುತ್ತೆ. ದಾಟದೇ ಇದ್ದದ್ದು ಹೋಗುತ್ತೆ."

"ಅಂದ್ರೆ ಹಳಬರದು."

"ಹೂಂ."

"ಅವರು ಮತ್ತೆ ಹೇಳೋಕೆ ಆಗಲ್ವಲ್ಲೋ. ಗಂಟಲೇ ಇಲ್ಲ ಅವರಿಗೆ. ನನಗೆ ಮುಂದಿನ ವಾರದ ತನಕ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗ್ಯಾಕೆ ಊರ ಉಸಾಬರಿ? ಡಾಕ್ಟರು ಏನಂದ್ರು ಕೇಳಿಸ್ಕೊಂಡ್ಯಾ? ಗಡ್ಡೆ ದಿನಾ ಬೆಳೀತಿದೆ. ಮುಂದಿನ ವಾರ ನಿನ್ನ ದನಿ ಹೇಗಿರುತ್ತೋ ಯಾರಿಗೆ ಗೊತ್ತು?"

"ಇಳಿಯೋರು ಮೊದಲು ಇಳೀಲಿ, ಆಮೇಲೆ ಹತ್ತಿ ಅಂತ ಇಷ್ಟು ವರ್ಷ ಕೂಗಿದೀನಿ ಕಣೋ. ಈಗ ನಾನೇ ನುಗ್ಗಲಾ?" ಅಂದಳು. ಅವಳ ಮಗಳು ನನ್ನ ಮುಖ ನೋಡಿದಳು, ಮಾಮ ಏನಾದರೂ ಮಾಡುತ್ತಾನೆ ಅಂತ. ಅಕ್ಕ ಹಟ ಹಿಡಿದ ಮೇಲೆ ಯಾರು ಏನು ಮಾಡುವುದು? ಮರುದಿನ ಬೆಳಗ್ಗೆ ದನಿ ವಿಭಾಗದ ಮೇಡಂಗೆ ವಿಷಯ ಹೇಳಿದೆ. ಅವರು ಹಳಬರ ಪಟ್ಟಿ ತೆಗೆದು ನೋಡಿ, ಅಕ್ಕ ಹೇಳಿದ್ದೇ ಸರಿ ಅಂದರು. ಹಲ್ಲು ಕಚ್ಚಿಕೊಂಡು ಸಾಲನ್ನು ತಿರುಗಿಸಿದೆ. ಹಳಬರು ಮೊದಲು, ಅಕ್ಕ ಕೊನೆಗೆ.

ಆ ದಿನಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ. ಕ್ಯಾಂಟೀನಿನವನ ಮೇಲೆ ರೇಗಿದೆ, ಸಾಹೇಬರ ಮೇಲೆ ರೇಗಿದೆ, ಕೊನೆಗೆ ಕೇಬಲ್ ಮೇಲೂ ರೇಗಿದೆ. ಒಬ್ಬೊಬ್ಬರಾಗಿ ದಾಟುತ್ತಿದ್ದರು. ಒಬ್ಬ ಟೈಲರ್, ಒಬ್ಬ ವಕೀಲೆ, ಎರಡು ವರ್ಷದ ಹಿಂದೆ ತೀರಿಕೊಂಡ ಒಬ್ಬ ಅಜ್ಜಿ. ತೀರಿಕೊಂಡವರದು ಯಾಕೆ ಅಂತ ಮೇಡಂರನ್ನು ಕೇಳಿಯೂಬಿಟ್ಟೆ. ಆ ಅಜ್ಜಿಯ ಗಂಡ ತಿಂಗಳಿಗೊಮ್ಮೆ ಬಂದು ಕೇಳಿಸಿಕೊಂಡು ಹೋಗುತ್ತಾರೆ ಅಂದರು. ನಾನು ಹೋಗಿ ಅಜ್ಜಿಯದು ಪೂರ್ತಿ ದಾಟಿದೆಯಾ ಅಂತ ಇನ್ನೊಮ್ಮೆ ನೋಡಿದೆ.

ಅಕ್ಕನಿಗಿಂತ ಮುಂಚಿನವರದೆಲ್ಲ ಮುಗಿಯಿತು. ಅಕ್ಕನದು ಶುರುವಾಗಿ ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಸದ್ದು ನಿಂತಿತು. ನಾನು ಮಾಡದ ಪ್ರಯತ್ನವಿಲ್ಲ. ಪರಿಚಯದ ದುರಸ್ತಿಯವನನ್ನು ಕರೆಸಿದೆ, ಅವನು ಡಿಸ್ಕನ್ನು ಬಿಚ್ಚಿ ನೋಡಿ ತಲೆಯಾಡಿಸಿದ. ದಾಟಿದ್ದ ಚೂರುಗಳಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಆಪರೇಷನ್‌ಗೆ ಎರಡು ದಿನ ಉಳಿದಿತ್ತು. ಅಕ್ಕ ಮತ್ತೆ ದನಿ ವಿಭಾಗದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತಳು. ಅಷ್ಟರಲ್ಲಿ ಗಂಟಲು ಊದಿತ್ತು. ಮೊದಲ ಸಲ ಆ ಕೋಣೆಯನ್ನೇ ನಡುಗಿಸಿದವಳು ಈಗ ಒಂದು ವಾಕ್ಯ ಹೇಳಿ, ನೀರು ಕುಡಿದು, ಕಣ್ಣು ಮುಚ್ಚಿ ಸುಧಾರಿಸಿಕೊಂಡು ಇನ್ನೊಂದು ಹೇಳುತ್ತಿದ್ದಳು. ಒಡೆದ, ಗೊರಗೊರ ದನಿ. ಇಷ್ಟೇ ಸಾಕು, ಇದರಲ್ಲೇ ಕಟ್ಟೋಣ ಅಂತ ಮೇಡಂ ಮೆಲ್ಲಗೆ ಹೇಳಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಾಯ ಮಾಗಿದ ಮೇಲೆ ಸಾಧನ ತೆಗೆದುಕೊಳ್ಳಲು ಅಕ್ಕ, ಅವಳ ಮಗಳು, ನಾನು ಮೂವರೂ ದನಿ ವಿಭಾಗಕ್ಕೆ ಹೋದೆವು. ಮೇಡಂ ಅದನ್ನು ಅಕ್ಕನ ಕೈಗಿಟ್ಟು, ಹೇಗೆ ಒತ್ತಬೇಕು ಅಂತ ತೋರಿಸಿ ಒಳಗೆ ಹೋದರು. ಹೊರಗಿನ ಬೆಂಚಿನಲ್ಲಿ ಅದೇ ಟೈಲರ್ ಕೂತಿದ್ದರು, ವಯಸ್ಸಾದವರು. ಅವರ ಹಳೇ ಸಾಧನ ಕೈಜಾರಿ ಬಿದ್ದು ಒಡೆದುಹೋಗಿತ್ತಂತೆ. ನಮ್ಮ ಉಗ್ರಾಣದ ಸರ್ವರ್‌ನಿಂದ ದನಿ ತೆಗೆದು ಹೊಸದು ಕಟ್ಟಿಕೊಟ್ಟಿದ್ದರು. ತುಂಬಿದ, ಚೊಕ್ಕವಾದ ದನಿ. ಕೇಳಿದ್ದೇ ತಡ ನನಗೆ ಹೊಟ್ಟೆಯುರಿ ಬಂತು. ಆ ಮುದುಕರ ಮೇಲೆ, ಏನೂ ತಪ್ಪು ಮಾಡದ ಮನುಷ್ಯನ ಮೇಲೆ, ನನಗೆ ದ್ವೇಷವೇ ಬಂತು.

ಅಕ್ಕ ಅವರಿಗೆ ನಮಸ್ಕಾರ ಅಂತ ಟೈಪ್ ಮಾಡಿದಳು. ಸಾಧನ ಕೆಮ್ಮಿದ ಹಾಗೆ ನಮಸ್ಕಾರ ಹೇಳಿತು. ಮಗಳು ತಲೆ ತಗ್ಗಿಸಿದಳು.

ಟೈಲರ್ ಮರುಕದಿಂದ ನೋಡಿದರು. ಬೆರಳುಗಳು ಸರಸರ ಓಡಿದವು. "ಏನಮ್ಮ, ದನಿ ಯಾಕೆ ಹೀಗೆ ಒಡೆದಿದೆ? ಯಂತ್ರದಲ್ಲಿ ಏನಾದ್ರೂ ತೊಂದರೆನಾ? ನಂದು ನೋಡಿ, ಎಷ್ಟು ಚೆನ್ನಾಗಿ ಉಳಿಸಿಕೊಟ್ಟಿದಾರೆ."

ಹೇಳಿಬಿಡಬೇಕು ಅಂತ ನಾನು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು, ಇನ್ನೊಂದು ಕೈಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

"ಇಲ್ಲಪ್ಪ," ಅಂದಿತು ಆ ಗೊರಗೊರ ದನಿ, "ನಂದು ಮೊದಲಿಂದಲೂ ಹೀಗೇ."

ಅವರು ನಂಬಿದರು.