ಟವೆಲ್ಲಿನ ಕೆಳಗಿನ ಸ್ವಿಚ್ಚು

ತಿಹೊಮಿರ್ ಜಂಬ ಕೊಚ್ಚುವ ಮನುಷ್ಯನೇನೂ ಅಲ್ಲ. ಆದರೆ ಅಪ್ಪನ ಕಾರಿನ ಮಾತು ಬಂತೆಂದರೆ ಅವನ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ. ತಂಗಿಯ ಮಗಳು ಯಾಗೊಡಾಳ ನಿಶ್ಚಿತಾರ್ಥದ ಊಟದಲ್ಲಿ, ಎರಡನೇ ಲೋಟ ಪ್ಲಮ್ ಸಾರಾಯಿ ಒಳಗಿಳಿದ ಮೇಲೆ, ಹೊಸ ಬೀಗರ ಮುಂದೆ ಎದೆ ಉಬ್ಬಿಸಿಕೊಂಡು ಹೇಳಿಬಿಟ್ಟಿದ್ದ.

"ಯುಗೊಸ್ಲಾವಿಯಾ ಅನ್ನೋ ದೇಶಾನೇ ಹೋಯ್ತು ಬೀಗರೇ, ಗಾಡಿ ಹೋಗ್ಲಿಲ್ಲ. ಫ್ಯಾಕ್ಟರಿಯಿಂದ ಹೆಂಗೆ ಬಂತೋ ಹಂಗೇ ಇದೆ. ಒಂದು ವೈರು ಮುಟ್ಟೋಕೂ ಯಾರಿಗೂ ಬಿಟ್ಟಿಲ್ಲ ನಾನು."

ಬೀಗ ಒಬ್ರಾದ್ ತಲೆದೂಗಿದ್ದ. ಗಂಡಿನ ಅಪ್ಪ ಅವನು. ಆರಿಲ್ಯೆ ಊರಿನಲ್ಲಿ ರಾಸ್ಪ್‌ಬೆರಿ ಹಣ್ಣಿಗೆ ಎರಡು ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡವನು. ಅವನ ಕರಿಯ ಕಾರಿನಲ್ಲಿ ಕೂತರೆ ಹೊರಗೆ ಬೇಸಿಗೆಯೋ ಚಳಿಗಾಲವೋ ತಿಳಿಯುತ್ತಿರಲಿಲ್ಲ. ಮದುಮಗಳು ಆ ಕಾರಿನಲ್ಲೇ ಬರಲಿ ಎಂದು ಅವನು ಧಾರಾಳವಾಗಿ ಹೇಳಿದ. ಯಾಗೊಡಾ ಒಪ್ಪಲಿಲ್ಲ.

"ಅಮ್ಮ ಮದುವೆಗೆ ಹೋದದ್ದು ಅಜ್ಜನ ಗಾಡೀಲಿ, ಚರ್ಚಿನ ಬಾಗಿಲ ತನಕ. ನಾನೂ ಅದರಲ್ಲೇ ಹೋಗೋಳು. ಅಲ್ವಾ ಮಾವ?"

"ಬಾಗಿಲ ತನಕ," ಎಂದು ತಿಹೊಮಿರ್ ಎಲ್ಲರೆದುರು ಮಾತು ಕೊಟ್ಟ. ಅವಳ ಅಮ್ಮ ಸ್ಮಿಲ್ಯಾ ಅವನ ಒಬ್ಬಳೇ ತಂಗಿ. ಹುಡುಗಿ ಇನ್ನೂ ಶಾಲೆಯಲ್ಲಿದ್ದಾಗಲೇ ಆಕೆ ತೀರಿಕೊಂಡಳು. ಅಂದಿನಿಂದ ಈ ಹುಡುಗಿಗೆ ಜಡೆ ಹಾಕಿದವನು, ಜ್ವರ ಬಂದಾಗ ಪಕ್ಕದಲ್ಲಿ ಕೂತವನು ಈ ಸೋದರಮಾವನೇ. ಅವಳು ಕೇಳಿದ್ದು ಇದೊಂದೇ, ಅದನ್ನೂ ಕೊಡದಿದ್ದರೆ ಹೇಗೆ?

ಮದುವೆಗೆ ಇನ್ನೇನು ಮೂರು ವಾರ ಇರುವಾಗ ಕಾರು ಕೈಕೊಟ್ಟಿತು. ಎಂಜಿನ್ನಿನ ನೀರು ಕಾದಾಗ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಬೇಕು. ಅದನ್ನು ತಿರುಗಿಸುವ ಪುಟ್ಟ ಸೆನ್ಸರ್ ವಯಸ್ಸಾಗಿ ಸತ್ತಿತ್ತು. ಹೊಸದಕ್ಕೆ ತಿಹೊಮಿರ್ ಊರೂರು ಅಲೆದ. ಸಿಕ್ಕಿದ್ದು ಸರಿಹೊಂದಲಿಲ್ಲ, ಸರಿಹೊಂದುವುದು ಸಿಗಲಿಲ್ಲ. ಕೊನೆಗೆ ಬ್ಯಾಟರಿಯಿಂದ ನೇರ ವೈರು ಎಳೆದು, ನಡುವೆ ಫ್ಯೂಸ್, ರಿಲೇ ಕೂರಿಸಿ, ಫ್ಯಾನನ್ನು ಕೈಯಿಂದಲೇ ಹಾಕಿ ಆರಿಸುವಂತೆ ಮಾಡಿಕೊಂಡ. ಗಾಡಿ ನಿಲ್ಲಿಸಿ ಕೀಲಿ ತೆಗೆದರೂ ಫ್ಯಾನು ಓಡುತ್ತಿರಬೇಕು, ಬಿಸಿ ಎಂಜಿನ್ ತಣ್ಣಗಾಗಲು ಅದೇ ಒಳ್ಳೆಯದು. ಕೆಲಸವೇನೋ ಅಚ್ಚುಕಟ್ಟಾಗಿಯೇ ಇತ್ತು. ಸ್ವಿಚ್ಚಿಗೆ ಮಾತ್ರ ಅಡುಗೆಮನೆ ದೀಪದ ಹಳೇ ಬಿಳಿ ಸ್ವಿಚ್ಚನ್ನೇ ಡ್ಯಾಶ್‌ಬೋರ್ಡಿನ ಅಡಿಗೆ ಸ್ಕ್ರೂ ಹಾಕಿ ಕೂರಿಸಿದ್ದ.

ಟಾರ್ಚ್ ಹಿಡಿದು ಕೂತಿದ್ದ ಯಾಗೊಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾವ, ಇದನ್ನ ಒತ್ತಿದ್ರೆ ಅತ್ತೆ ಒಲೆ ಹತ್ರ ದೀಪ ಹತ್ಕೊಳ್ಳಲ್ಲ ತಾನೇ?"

"ನಗು, ನಗು. ನಿನ್ನ ಮದುವೆ ದಿನ ಮರ್ಯಾದೆ ಉಳಿಸೋದು ಇದೇ."

ಆಗ ಅವನೂ ನಕ್ಕಿದ್ದ. ಮದುವೆಯ ಬೆಳಿಗ್ಗೆ ಗಾಡಿ ಒರೆಸುವಾಗ ನಗು ಬರಲಿಲ್ಲ. ಕೆನೆ ಬಣ್ಣದ ಮೈ, ಮಿರಮಿರ ಮಿಂಚುವ ಬಂಪರು, ಒಳಗೆ ಹಲ್ಲುಬ್ಬಿದವನ ಹಾಗೆ ಈ ಬಿಳಿ ಸ್ವಿಚ್ಚು. ಒಂದು ವೈರೂ ಮುಟ್ಟಿಲ್ಲ ಎಂದವನು ತಾನೇ! ಮದುವೆಯ ಗಾಡಿಗಳಿಗೆ ಕಸೂತಿ ಟವೆಲ್ ಕಟ್ಟುವುದು ಇದ್ದದ್ದೇ. ಒಂದನ್ನು ತಂದು ಡ್ಯಾಶ್‌ಬೋರ್ಡಿನಿಂದ ಇಳಿಬಿಟ್ಟ. ಸ್ವಿಚ್ಚು ಕಾಣದಾಯಿತು. ಬೇಕಾದಾಗ ಟವೆಲ್ಲಿನ ಹಿಂದೆ ಬೆರಳು ಹಾಕಿ ಒತ್ತಿದರಾಯಿತು, ಯಾರಿಗೆ ಗೊತ್ತಾಗಬೇಕು ಎಂದುಕೊಂಡ.

ದಿಬ್ಬಣ ಹೊರಟಿತು. ಯಾಗೊಡಾಳ ಲಂಗ ಹಿಂದಿನ ಸೀಟನ್ನೆಲ್ಲ ತುಂಬಿಕೊಂಡದ್ದರಿಂದ ಜೊತೆಗೆ ಕೂರಬೇಕಿದ್ದ ಗಂಡಿನ ತಮ್ಮ ಬೇರೆ ಕಾರು ಹತ್ತಿದ. ತಿಹೊಮಿರ್ ಇನ್ನೇನು ಗೇರು ಹಾಕಬೇಕು, ಮುಂದಿನ ಬಾಗಿಲು ತೆಗೆದು ಒಬ್ರಾದ್ ತನ್ನ ದೊಡ್ಡ ಮೈಯನ್ನು ಒಳಗೆ ತೂರಿಸಿದ.

"ಸ್ವಲ್ಪ ಜಾಗ ಕೊಡಿ ಬೀಗರೇ. ನನ್ನ ಮೊದಲನೇ ಗಾಡೀನೂ ಇದೇ ಜಾತಿದು, ಕೆಂಪು ಬಣ್ಣ. ಇದರಲ್ಲಿ ಕೂತು ಎಷ್ಟು ಕಾಲ ಆಯ್ತೋ!"

ಮುಂದೆ ತುತ್ತೂರಿಯವರು ಊದುತ್ತ ನಡೆದರು. ಹಿಂದೆ ಕಾರುಗಳೆಲ್ಲ ಹಾರ್ನು ಬಾರಿಸುತ್ತ ಅವರ ಹೆಜ್ಜೆಗೆ ತಕ್ಕಂತೆ ತೆವಳಿದವು. ಜುಲೈ ತಿಂಗಳ ಬಿಸಿಲು. ಓಡುವ ಗಾಡಿಗೆ ಗಾಳಿಯಾದರೂ ಬಡಿಯುತ್ತದೆ, ತೆವಳುವ ಗಾಡಿಗೆ ಅದೂ ಇಲ್ಲ. ನೀರಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿತು. ತಿಹೊಮಿರನ ಕೈ ಟವೆಲ್ಲಿನ ಕಡೆಗೆ ಹೋಯಿತು.

"ಇದರಲ್ಲಿ ಫ್ಯಾನು ತಾನಾಗೇ ತಿರುಗುತ್ತಾ ಈಗ್ಲೂ?" ಎಂದು ಒಬ್ರಾದ್ ಆ ಹೊತ್ತಿಗೇ ಕೇಳಬೇಕೆ?

ಕೈ ಅಲ್ಲೇ ನಿಂತಿತು. "ತಾನಾಗೇ," ಎಂದುಬಿಟ್ಟ ತಿಹೊಮಿರ್. ಯಾಕೆ ಹಾಗೆಂದ? ಅವನಿಗೇ ಗೊತ್ತಿಲ್ಲ, ಬಾಯಿಗೆ ಬಂದೇಬಿಟ್ಟಿತು.

"ಪುಣ್ಯವಂತರು ಕಣ್ರೀ! ನಂದು ತಿರುಗ್ತಾನೇ ಇರ್ಲಿಲ್ಲ. ಕೊನೆಗೆ ಮನೆ ಕರೆಗಂಟೆ ಸ್ವಿಚ್ಚು ಕಿತ್ತು ಹಾಕ್ಕೊಂಡಿದ್ದೆ. ಅದನ್ನ ಒತ್ತಿದಾಗೆಲ್ಲ ನನ್ನ ಹೆಂಡತಿ 'ಯಾರು ಬಂದ್ರು ನೋಡಿ' ಅನ್ನೋಳು!" ಒಬ್ರಾದ್ ತೊಡೆ ತಟ್ಟಿಕೊಂಡು ನಕ್ಕ.

ಈ ಮಾತು ಅರ್ಧ ನಿಮಿಷ ಮೊದಲು ಬಂದಿದ್ದರೆ! ಇಬ್ಬರೂ ಸೇರಿ ನಗಬಹುದಿತ್ತು. ಈಗ ಒತ್ತಿದರೆ ಸುಳ್ಳ ಎಂದು ತಾನೇ ಸಾರಿದಂತೆ. ಮುಳ್ಳು ಏರಿತು. ಇನ್ನೊಂದು ತಿರುವು, ತುತ್ತೂರಿಯವರು ಬೇಗ ಹೆಜ್ಜೆ ಹಾಕಿದರೆ ಸಾಕು, ಚರ್ಚು ಬಂದೇ ಬಿಡುತ್ತದೆ ಎಂದು ಲೆಕ್ಕ ಹಾಕಿದ. ಅವರೋ ಪ್ರತಿ ಗೇಟಿನ ಮುಂದೆ ನಿಂತು ಊದಿದರು. ಅವನ ಬೆನ್ನೆಲ್ಲ ಬೆವರಿನಿಂದ ತೊಯ್ದುಹೋಯಿತು.

"ಮಾವ," ಹಿಂದಿನಿಂದ ಯಾಗೊಡಾ ಮೆಲ್ಲಗೆ ಅಂದಳು, "ಬಿಸಿಯಾದ ವಾಸನೆ ಬರ್ತಿದೆ. ಫ್ಯಾನು…"

"ಸುಮ್ನೆ ಕೂತ್ಕೋ! ಮದುಮಗಳಿಗೆ ಯಾಕೆ ಬೇಕು ಎಂಜಿನ್ನಿನ ಉಸಾಬರಿ?"

ಅವನು ಅವಳ ಮೇಲೆ ಹಾಗೆ ರೇಗಿದವನೇ ಅಲ್ಲ. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅವಳು ಟವೆಲ್ ನೋಡಿದಳು, ಒಬ್ರಾದನ ಬೆನ್ನು ನೋಡಿದಳು, ಎಲ್ಲ ಅರ್ಥವಾದವಳಂತೆ ಕೈಯಲ್ಲಿದ್ದ ಹೂವಿನ ಕಡೆ ಕಣ್ಣು ತಗ್ಗಿಸಿದಳು. ಗಾಡಿ ಕೆಡುವ ಮೊದಲೇ ತಿಹೊಮಿರನಿಗೆ ನಾಚಿಕೆ ಶುರುವಾಯಿತು. ಆದರೂ, ಹಾಳಾದ್ದು, ಕೈ ಏಳಲಿಲ್ಲ.

ಚರ್ಚಿನ ಗೋಡೆಯ ಕೆಳಗೆ ಏರು ಶುರುವಾಗುವಲ್ಲಿ ಢಬ್ ಎಂದಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಭುಸ್ಸೆಂದು ಎದ್ದು ಮುಂದಿನ ಗಾಜೇ ಕಾಣದಾಯಿತು. ತುತ್ತೂರಿಗಳು ಒಂದೊಂದಾಗಿ ನಿಂತವು. ಮೇಲೆ ಅಂಗಳದಲ್ಲಿದ್ದ ನೆಂಟರೆಲ್ಲ ಗೋಡೆಗೆ ಬಂದು ಬಗ್ಗಿ ನೋಡಿದರು. ತಿಹೊಮಿರ್ ಕೀಲಿ ತೆಗೆದು ಕೆಳಗಿಳಿದು ಪೆದ್ದನ ಹಾಗೆ ನಿಂತ. ಪೈಪು ಒಡೆದು ತುಕ್ಕಿನ ನೀರು ರಸ್ತೆಗೆಲ್ಲ ಹರಿದಿತ್ತು.

ಯಾಗೊಡಾ ಬಾಗಿಲು ತೆಗೆದು ಆ ನೀರಿನಲ್ಲೇ ಇಳಿದಳು. ಬಿಳಿ ಲಂಗದ ಅಂಚು ಕಂದು ಬಣ್ಣಕ್ಕೆ ತಿರುಗಿತು. ಅವಳು ಮುಂದಿನ ಕಿಟಕಿಯಿಂದ ಕೈ ಹಾಕಿ ಟವೆಲ್ ಸರಿಸಿ ಸ್ವಿಚ್ಚು ಒತ್ತಿದಳು.

ಟಕ್.

ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಒಂದಿಷ್ಟೂ ಮುನಿಸಿಲ್ಲದೆ, ಹೊಸದರಂತೆ.

"ತಿರುಗ್ತಾ ಇರ್ಲಿ ಮಾವ. ಎಂಜಿನ್ನಾದ್ರೂ ಉಳೀಲಿ."

ಒಬ್ರಾದ್ ಬಿಳಿ ಸ್ವಿಚ್ಚನ್ನು ನೋಡಿದ. ತಿಹೊಮಿರನ ಮುಖ ನೋಡಿದ. ಒಂದು ಗೇಲಿ ಮಾತಾಡಿದ್ದರೂ ಎದೆ ಹಗುರಾಗುತ್ತಿತ್ತೋ ಏನೋ. ಆ ಮನುಷ್ಯ ಬೇರೆ ಕಡೆ ನೋಡುತ್ತ ಕೋಟಿನ ಧೂಳು ಕೊಡವಿದ. "ನನ್ನ ಕಾರು ಹಿಂದೇನೇ ಇದೆ ಮಗಳೇ," ಎಂದ ಅವಳಿಗೆ.

"ಬೇಡ. ಮಾವನ ಜೊತೆ ನಡೆದೇ ಬರ್ತೀನಿ."

ಅವಳು ತಿಹೊಮಿರನ ತೋಳಿಗೆ ಕೈ ಸೇರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ಕೈ ತೋಳಿನ ಮೇಲಿರುವುದನ್ನು ತಡೆದುಕೊಳ್ಳಲಾಗಲಿಲ್ಲ. ಒದ್ದೆ ಲಂಗ ಏರಿನ ಕಲ್ಲುಗಳಿಗೆ ಪಟಪಟ ತಾಗುತ್ತಿತ್ತು. ಕ್ಷಮಿಸು ಎನ್ನಲು ಬಾಯಿ ತೆರೆದ, ಅಷ್ಟರಲ್ಲಿ ಚರ್ಚಿನ ಬಾಗಿಲು ಬಂದಿತ್ತು.

ಚರ್ಚಿನೊಳಗೆ ಪಾದ್ರಿ ಪ್ರಾರ್ಥನೆ ಶುರುಮಾಡಿದರು. ಸೆಕೆಗೆಂದು ಬಾಗಿಲು ತೆರೆದೇ ಇತ್ತು. ಪಾದ್ರಿ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಕೆಳಗಿನ ರಸ್ತೆಯಿಂದ ಗುಂಯ್ ಎನ್ನುವುದು ಕೇಳುತ್ತಿತ್ತು. ಮೊದಲು ಹಿಂದಿನವರು ತಿರುಗಿ ನೋಡಿದರು, ಆಮೇಲೆ ಮುಂದಿನವರೂ. ತಿಹೊಮಿರ್ ತನಗೇನೂ ಸಂಬಂಧವಿಲ್ಲದವನಂತೆ ಮೇಣದ ಬತ್ತಿಗಳನ್ನೇ ದಿಟ್ಟಿಸಿದ. ಮದುಮಕ್ಕಳಿಬ್ಬರ ತಲೆಯ ಮೇಲೆ ಇಡಬೇಕಾದ ಕಿರೀಟಗಳನ್ನು ಪಾದ್ರಿ ಕೈಗೆತ್ತಿಕೊಂಡರು. ಗುಂಯ್ ಎನ್ನುತ್ತಲೇ ಇತ್ತು. ಪಾದ್ರಿ ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ನೋಡಿದರು.

"ನಾನು ಹೋಗಿ ಆರಿಸಿ ಬರ್ತೀನಿ," ಎಂದು ಒಬ್ರಾದ್ ಪಿಸುಗುಟ್ಟಿದ. ಸ್ವಂತ ಮಗನ ತಲೆಯ ಮೇಲೆ ಕಿರೀಟ ಏರುವ ಹೊತ್ತಿನಲ್ಲಿ ಹೆಜ್ಜೆ ಎತ್ತಿಯೂಬಿಟ್ಟ.

ತಿಹೊಮಿರ್ ಅವನ ತೋಳು ಹಿಡಿದ. "ನೀವು ನಿಲ್ಲಿ ಬೀಗರೇ," ಎಂದ. ಪಿಸುಗುಟ್ಟಬೇಕೆಂದಿದ್ದ, ದನಿ ದೊಡ್ಡದೇ ಆಯಿತು. "ಅದು ನಾನು ಹಾಕಿದ ಸ್ವಿಚ್ಚು. ತಾನಾಗೇ ತಿರುಗುತ್ತೆ ಅಂದಿದ್ದು ಸುಳ್ಳು. ಹುಡುಗಿ ಹೇಳಿದ್ಲು, ನಾನೇ ಒತ್ತಲಿಲ್ಲ."

ಚರ್ಚೆಲ್ಲ ಕೇಳಿಸಿಕೊಂಡಿತು. ಯಾಗೊಡಾ ತಿರುಗಿ ನೋಡಿದಳೋ ಇಲ್ಲವೋ, ಅವನಿಗೆ ತಲೆ ಎತ್ತಲು ಧೈರ್ಯ ಬರಲಿಲ್ಲ. ನೆಂಟರ ನಡುವೆ ದಾರಿ ಮಾಡಿಕೊಂಡು ಹೊರಬಿದ್ದು, ಮೊಣಕಾಲು ನೋಯುತ್ತಿದ್ದರೂ ಇಳಿಜಾರಿನಲ್ಲಿ ಓಡಿದ. ಬೇಗ ಆರಿಸಿದರೆ ಬೇಗ ಹಿಂದಿರುಗಬಹುದು, ಕಿರೀಟ ಇಡುವುದರ ಒಂದು ನೋಟವಾದರೂ ಸಿಕ್ಕೀತು.

ಕಿಟಕಿಯಿಂದ ಕೈ ಹಾಕಿ ಒತ್ತಿದ. ಫ್ಯಾನು ಎರಡು ಸುತ್ತು ಸುತ್ತಿ ನಿಂತಿತು. ಆ ಮೌನದಲ್ಲಿ ಮೇಲಿನಿಂದ ಎಲ್ಲರೂ ಒಟ್ಟಿಗೆ ಹಾಡುವುದು ಕೇಳಿಸಿತು. ಕಿರೀಟ ಇಟ್ಟಾದ ಮೇಲೆ ಹಾಡುವ ಹಾಡು ಅದು. ಸ್ಮಿಲ್ಯಾಳ ಮದುವೆಯಲ್ಲಿ ಅವನೂ ಹಾಡಿದ್ದ. ಈ ಸಲ ರಸ್ತೆಯಲ್ಲಿ, ತುಕ್ಕಿನ ನೀರಿನ ನಡುವೆ ನಿಂತು ಕೇಳಿಸಿಕೊಂಡ.