ಮೇಷ್ಟ್ರ ಕೋಟು ತಿಂದದ್ದು ಬೇಲಿಯ ಪತಂಗವೇ?

ಸೋಮವಾರ ಬೆಳಿಗ್ಗೆ ಮೇಷ್ಟ್ರು ತಮ್ಮ ಉಣ್ಣೆಯ ಕೋಟನ್ನು ನಮ್ಮ ಲಾಂಡ್ರಿಯ ಮೇಜಿನ ಮೇಲೆ ಹರಡಿದರು. "ಏನಮ್ಮ ಇದು? ಕೋಟು ಕೊಟ್ಟಿದ್ದೆ, ಜರಡಿ ವಾಪಸ್ ಕೊಡ್ತಿದ್ದೀಯಲ್ಲ!"

ಬೆನ್ನಿನಲ್ಲೇ ಏಳು ತೂತು. ಇಪ್ಪತ್ತು ವರ್ಷದಲ್ಲಿ ಯಾರದೂ ಒಂದು ಗುಂಡಿ ಕಳೆದವಳಲ್ಲ ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಮ್ಮ ಅಂಗಡಿ ನಡೆಯುವುದೇ ನಂಬಿಕೆಯ ಮೇಲೆ.

ಕಳ್ಳರು ಯಾರೆಂದು ನನಗೆ ಅನುಮಾನವೇ ಇರಲಿಲ್ಲ. ಹಿತ್ತಲಲ್ಲಿ ಒಣಹಾಕಿದ ಬೆಡ್‌ಶೀಟುಗಳ ಮೇಲೆ ಬೆಳಗಾದರೆ ಪತಂಗಗಳು ಕೂತಿರುತ್ತವೆ. ಹಿಂದೆಯೇ ಕಾಡು ಬೆಳೆದ ಬೇಲಿ. ಅವುಗಳ ತವರುಮನೆ ಅದೇ. "ಭಾನುವಾರ ಬಂದು ಬೇಲಿ ಬುಡಸಮೇತ ಕಡಿ. ಉಳಿದದ್ದಕ್ಕೆ ಔಷಧಿ ಹೊಡಿ," ಎಂದು ತೋಟದ ಕೆಲಸದವನಿಗೆ ಹೇಳಿಬಿಟ್ಟೆ.

ಮಧ್ಯಾಹ್ನ ಸುದ್ದಿ ಕೇಳಿ ನನ್ನ ನಾದಿನಿ ಓಡಿಬಂದಳು. ಅವಳದು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ. ಬಿಡುವಿನಲ್ಲಿ ಪರಿಸರ ಸಂಘದವರ ಜೊತೆ ಊರಿನ ಪತಂಗಗಳನ್ನು ದಾಖಲಿಸುತ್ತಾಳೆ.

"ಅತ್ತಿಗೆ, ದುಡುಕಬೇಡಿ. ಆ ಬೇಲಿಯಲ್ಲಿ ಏನೇನಿದೆ ಅಂತ ಯಾರೂ ಇನ್ನೂ ನೋಡೇ ಇಲ್ಲ."

"ಹುಳದಲ್ಲಿ ನೋಡೋದೇನಿದೆ? ನಿನಗೆ ಬೇರೆ ಕೆಲಸ ಇಲ್ವಾ?"

"ಕತ್ತಲಲ್ಲಿ ಅರಳೋ ಹೂವಿನ ಪರಾಗ ಹೊತ್ತು ಕಾಯಿ ಕಟ್ಟಿಸೋರು ಯಾರು ಅಂದ್ಕೊಂಡ್ರಿ? ಇವೇ. ಹಕ್ಕಿ ಮರಿಗಳ ಹೊಟ್ಟೆ ತುಂಬೋದೂ ಇವುಗಳ ಮರಿಹುಳದಿಂದಲೇ. ಒಂದು ಬಿಳಿ ಬೆಡ್‌ಶೀಟ್ ಕೊಡಿ, ಶನಿವಾರದವರೆಗೆ ರಾತ್ರಿ ದೀಪ ಇಟ್ಟು ಏನೇನು ಬರುತ್ತೆ ನೋಡೋಣ. ಕೋಟು ತಿಂದದ್ದು ಅದರ ಮೇಲೆ ಸಿಕ್ಕಿದರೆ ಬೇಲಿ ನಾನೇ ಕಡೀತೀನಿ."

"ಆಗಲಿ. ಕತ್ತಿ ಮಸೆದಿಟ್ಟುಕೋ!" ಎಂದೆ.

ಅಂದು ಕತ್ತಲಾಗುತ್ತಲೇ ಬೇಲಿಯ ಪಕ್ಕ ಬೆಡ್‌ಶೀಟ್ ಕಟ್ಟಿ, ಎದುರಿಗೆ ದೀಪ ಇಟ್ಟೆವು. ಪತಂಗಗಳು ಒಂದೊಂದಾಗಿ ಬಂದವು. ಒಣಗಿದ ಎಲೆಯಂಥದ್ದೊಂದು, ಹಕ್ಕಿಯ ಹಿಕ್ಕೆಯಂಥದ್ದು ಇನ್ನೊಂದು. ಅವನ್ನು ಹಿಡಿಯುವಂತಿಲ್ಲ, ಮುಟ್ಟುವಂತಿಲ್ಲ. ಫೋಟೊ ತೆಗೆದು ದಿನಾಂಕ, ಹೊತ್ತು, ಜಾಗ ಬರೆಯಬೇಕು. ಎರಡು ಗಂಟೆ ಕಳೆದ ಮೇಲೆ ದೀಪ ಆರಿಸಿ ಅವುಗಳ ಪಾಡಿಗೆ ಬಿಡಬೇಕು.

ಬರೆಯುವುದು ನನ್ನ ಪಾಲಿಗೆ ಬಂತು. ಲಾಂಡ್ರಿಗೆ ಬಂದ ಬಟ್ಟೆಗೆ ಚೀಟಿ ಬರೆಯುವ ಹಾಗೆಯೇ ಬರೆದೆ: "ಕಂದು ಬಣ್ಣ. ಅಂಚಿಗೆ ಬಿಳಿ ಗೆರೆ. ಎಡಗಡೆ ಸ್ವಲ್ಪ ಹರಿದಿದೆ."

ನಾದಿನಿ ಬಿದ್ದು ಬಿದ್ದು ನಕ್ಕಳು. "ಇಸ್ತ್ರಿ ಬೇಕಾ ಅಂತಲೂ ಕೇಳಿ, ಅತ್ತಿಗೆ!"

ಸಂಘದವರು ಮಾತ್ರ, ಇಷ್ಟು ಚೊಕ್ಕವಾಗಿ ಯಾರೂ ಬರೆದುಕೊಟ್ಟಿಲ್ಲ ಅಂದರಂತೆ. ನನಗೆ ಹಟ ಹತ್ತಿತು. ಗುರುವಾರ ಅವಳಿಗೆ ಜ್ವರ, ಹೊರಗೆ ಸುಯ್ಯೆಂದು ಗಾಳಿ. ಬೆಡ್‌ಶೀಟಿನ ಎರಡು ಕೆಳತುದಿಗೂ ಒಂದೊಂದು ಇಸ್ತ್ರಿ ಪೆಟ್ಟಿಗೆ ಕಟ್ಟಿ, ಒಬ್ಬಳೇ ಕೂತು ಬರೆದೆ.

ಶನಿವಾರದ ಹೊತ್ತಿಗೆ ನಲವತ್ತೊಂದು ಬಗೆ. ನಾದಿನಿ ಎಲ್ಲ ಫೋಟೊಗಳನ್ನೂ ಸಂಘದವರಿಗೆ ತೋರಿಸಿಕೊಂಡು ಬಂದಳು. "ಇದರಲ್ಲಿ ಕೋಟು ತಿನ್ನೋದು ಒಂದೂ ಇಲ್ಲ, ಅತ್ತಿಗೆ."

"ಮತ್ತೆ ತಿಂದದ್ದು ಯಾರು, ನಾನಾ?"

"ಉಣ್ಣೆ ತಿನ್ನೋ ಜಾತಿ ಬಹಳ ಕಮ್ಮಿ ಅಂತ ಸಂಘದವರು ಈಗ ಹೇಳಿದ್ರು. ತಿನ್ನೋದೂ ಅದರ ಮರಿಹುಳ. ಆ ಪತಂಗಕ್ಕೆ ಬೆಳಕು ಕಂಡ್ರೆ ಆಗಲ್ಲ, ದೀಪದ ಹತ್ತಿರ ಬರೋದೇ ಅಪರೂಪ. ಕೋಟು ಎಲ್ಲಿಟ್ಟಿದ್ರಿ?"

ಆಗ ನೆನಪಾಯಿತು. ಮೇಷ್ಟ್ರು ಕೋಟು ಒಯ್ಯಲು ಬಂದದ್ದು ಮೂರು ತಿಂಗಳು ತಡವಾಗಿ. ಅಷ್ಟು ದಿನವೂ ಅದು ಯಾರೂ ಒಯ್ಯದ ಬಟ್ಟೆಗಳ ಕಪಾಟಿನಲ್ಲಿತ್ತು. ಆ ಕಪಾಟು ಗುಡಿಸಿ ವರ್ಷವಾಗಿತ್ತು. ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಅಕ್ಕಿಕಾಳಿನಷ್ಟು ಸಣ್ಣ, ಒಣಹುಲ್ಲಿನ ಬಣ್ಣದ ಪತಂಗಗಳು ಬಟ್ಟೆಯ ಸಂದಿಗೆ ಓಡಿದವು. ಕಳ್ಳರನ್ನು ಒಳಗೆ ಸಾಕಿಕೊಂಡು ಬೇಲಿಗೆ ಶಿಕ್ಷೆ ಕೊಡಲು ಹೊರಟಿದ್ದೆನಲ್ಲ!

ಭಾನುವಾರ ತೋಟದ ಕೆಲಸದವನು ಕತ್ತಿ, ಔಷಧಿ ಡಬ್ಬ ಹಿಡಿದು ಬಂದ. ನಾನು ಬೇಲಿಗೆ ಅಡ್ಡ ನಿಂತಿದ್ದೆ.

"ಕೆಲಸ ಇಲ್ಲಿಲ್ಲಪ್ಪ, ಒಳಗಿದೆ. ಕಪಾಟು ಹೊರಗೆ ಎಳೆಯೋಕೆ ಒಂದು ಕೈ ಹಾಕು."

ನಮ್ಮ ಮನೆಯವರು ಗೊಣಗಿದರು. "ನಿನ್ನ ಮಾತಿಗೆ ಒಂದು ವಾರನೂ ಆಯಸ್ಸಿಲ್ವಲ್ಲೇ?"

"ತಪ್ಪು ಹೇಳಿದ್ದೆ, ತಿದ್ಕೊಂಡೆ. ನೀವು ಆ ಕಡೆ ಹಿಡೀರಿ."

ಕಪಾಟನ್ನು ಮೂಲೆಮೂಲೆಯೂ ಉಜ್ಜಿದೆವು. ಬಟ್ಟೆಗಳನ್ನು ಕೊಡವಿ ಬಿಸಿಲಿಗೆ ಹಾಕಿದೆವು. ಕೋಟಿನ ಏಳೂ ತೂತುಗಳಿಗೆ ನಾನೇ ನೂಲು ಹೆಣೆದು, ಮೇಷ್ಟ್ರ ಮನೆಗೆ ಒಯ್ದು ಕೊಟ್ಟೆ. "ತಪ್ಪು ನನ್ನದು, ಮೇಷ್ಟ್ರೇ. ಬೇಲಿಯದ್ದಲ್ಲ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆ ಸಂಜೆ ಕತ್ತಲಾಗುತ್ತಲೇ ಮೇಷ್ಟ್ರು ಅದೇ ಕೋಟು ತೊಟ್ಟು, ದೀಪಕ್ಕೆ ಬರುವ ಪತಂಗ ನೋಡಲು ನಮ್ಮ ಹಿತ್ತಲಿಗೆ ಬಂದರು. ಹಸಿರು ರೆಕ್ಕೆಯ ಪತಂಗವೊಂದು ಹಾರಿಬಂದು ಸೀದಾ ಅವರ ಹೆಗಲ ಮೇಲೆ ಕೂತಿತು. ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತರು. ಹೋದ ವಾರವಾಗಿದ್ದರೆ ಫಟ್ಟೆಂದು ಹೊಡೆದಿರುತ್ತಿದ್ದೆ. ಈಗ ನನ್ನ ಕೈ ಪೆನ್ನಿಗೆ ಹೋಯಿತು. ಅದು ನಲವತ್ತೆರಡನೆಯದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಂದೆಯೂ ಇಂಥ ಒಂದು ಬೇಲಿ ಇರಬಹುದು. ಕಡಿಯುವ ಮೊದಲು ಅಲ್ಲೊಂದು ಬಿಳಿ ಬಟ್ಟೆ ಕಟ್ಟಿ, ದೀಪ ಇಡಿ. ಬಂದದ್ದನ್ನು ನೋಡಿ ಬರೆದು, ಹತ್ತಿರದ ಪರಿಸರ ಸಂಘಕ್ಕೆ ಕಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಲಾಂಡ್ರಿ ಚೀಟಿಯ ಹಾಗೆ ಬರೆದರೂ ಸಾಕು. ಹಾಗೇ ಒಳಗೆ ಹೋಗಿ ನಿಮ್ಮ ಕಪಾಟನ್ನೂ ಒಮ್ಮೆ ತೆಗೆದು ನೋಡಿ.