ದನಿ ಮುಟ್ಟುವ ದಡ

ಮಾವಿನ ಮರದಡಿ ಕೂತು ಆಸಿಯಾತು ಒಣಗಿದ ಉಸಿಪಾ ಮೀನಿನಿಂದ ಮರಳು ಬಿಡಿಸುತ್ತಿದ್ದಳು. ಬೆರಳುದ್ದದ ಮೀನುಗಳನ್ನು ಮೊರದಲ್ಲಿ ಹರಡಿ, ಒಂದೊಂದನ್ನೇ ಉಜ್ಜಿ ಬುಟ್ಟಿಗೆ ಹಾಕುವುದು. ಪಕ್ಕದಲ್ಲಿ ಚಿಕ್ಕಮ್ಮ ಬಂದವರ ಅಡುಗೆಗೆ ಒಲೆ ಹೂಡುತ್ತಿದ್ದಳು. ಇಬ್ಬರ ಕಿವಿಯೂ ಊರ ಸಭಾಭವನದ ಕಿಟಕಿಯ ಕಡೆಗಿತ್ತು.

ಒಳಗೆ ರಾಜಧಾನಿ ಲಿಲಾಂಗ್ವೆಯಿಂದ ಬಂದ ಅಧಿಕಾರಿಗಳು ಗೋಡೆಗೆ ದೊಡ್ಡ ಕಾಗದ ಅಂಟಿಸಿಕೊಂಡು ಕೂತಿದ್ದರು. ದೇಶದ ಕಾಡು, ನೀರು, ಅವುಗಳಲ್ಲಿರುವ ಜೀವಗಳನ್ನು ಉಳಿಸಲು ಸರ್ಕಾರ ಮಾಡಿದ ನೀತಿಯನ್ನು ಜನರಿಗೆ ಮುಟ್ಟಿಸುವುದು ಹೇಗೆಂಬ ಯೋಚನೆ. ಸರೋವರದವರಿಗೆ ಹೇಳಬೇಕಾದದ್ದು ಇಷ್ಟೆ: ಚಂಬೊ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ರಂಪಣಿ ಬಲೆ ಎಳೆಯಬೇಡಿ. ಆದರೆ ಯಾರು ಹೇಳಿದರೆ ಬೆಸ್ತರು ಕೇಳುತ್ತಾರೆ? ಮಂತ್ರಿ ಬೇಡ, ಊರ ಮುಖ್ಯಸ್ಥ ಬೇಡ, ರೇಡಿಯೋದಲ್ಲಿ ಮನೆಯ ಹೆಂಗಸೇ ಹೇಳಲಿ ಎಂದು ಅಧಿಕಾರಿಗಳಲ್ಲೊಬ್ಬರಾದ ತೊಕೊಜಾನಿ ಮೇಡಂ ಹಟ ಹಿಡಿದು ಗೆದ್ದರು. ಗೆದ್ದವರು ನೇರ ಒಲೆಯ ಬಳಿಗೇ ಬಂದರು.

ಚಿಕ್ಕಮ್ಮ ಸೌಟು ಅಡ್ಡ ಹಿಡಿದಳು. "ನನ್ನ ದನಿ ಕೇಳಿದ್ರೆ ಇರೋ ಮೀನೂ ಓಡಿಹೋಗ್ತಾವೆ ಮೇಡಂ. ಇವಳನ್ನ ಕರ್ಕೊಂಡು ಹೋಗಿ. ಬಾಯಿ ಬಿಡೋದೇ ಅಪರೂಪ, ಬಿಟ್ರೆ ಕೇಳೋ ಹಾಗಿರುತ್ತೆ."

ಬೇರೆ ದಿನವಾಗಿದ್ದರೆ ಆಸಿಯಾತು ಮೊರದ ಹಿಂದೆ ಮುಖ ಮರೆಸುತ್ತಿದ್ದಳು. ಇವತ್ತು ಕೈ ತೊಳೆದುಕೊಂಡು ಎದ್ದಳು. ರೇಡಿಯೋ ಎಂದ ಕೂಡಲೇ ಅವಳಿಗೆ ಬ್ವನಾಲಿಯ ನೆನಪಾಗಿತ್ತು.

ಬ್ವನಾಲಿ ಅವಳ ಗಂಡ. ಆ ಸೀಮೆಯ ಪದ್ಧತಿಯಂತೆ, ಎಲ್ಲ ಗಂಡಂದಿರ ಹಾಗೆ ಹೆಂಡತಿಯ ಊರಿಗೆ ಬಂದು ನೆಲೆಸಿದವನು. ಹೋದ ವರ್ಷ ಬಲೆ ನಿಲ್ಲಿಸಿದ ತಿಂಗಳುಗಳಲ್ಲಿ ಅವಳ ಅಣ್ಣ ದಿನವೂ ಚುಚ್ಚಿದ: ಮನೆ ಅಳಿಯ ಬಂದದ್ದು ಬಲೆ ಒಣಗಿಸುವುದಕ್ಕೋ, ಉಣ್ಣುವುದಕ್ಕೋ ಎಂದು. ಒಂದು ಬೆಳಿಗ್ಗೆ ಬ್ವನಾಲಿ ಬಲೆ ಮಡಚಿಕೊಂಡು, ತಡೆಯಿಲ್ಲದ ಬಡಗಣ ದಡಕ್ಕೆ ಲಾರಿ ಹತ್ತಿದ. ಇಲ್ಲಿ ತಡೆ ತೆಗೆದ ದಿನ ಬರುತ್ತೇನೆ ಅಂದಿದ್ದ. ತಡೆ ತೆಗೆದರು, ಅವನು ಬರಲಿಲ್ಲ; ಈಗ ಮತ್ತೆ ಬಲೆ ನಿಲ್ಲಿಸುವ ಕಾಲ ಬಂತು. ಆ ದಡದ ನ್ಖಾಟಾ ಬೇಯಲ್ಲಿ ಅವನನ್ನು ಕಂಡವರೊಬ್ಬರು, ಸಂಜೆ ದೋಣಿಗೆ ಒರಗಿ ರೇಡಿಯೋ ಕೇಳುತ್ತಾ ಕೂತಿರುತ್ತಾನೆ, ಯಾರ ಜೊತೆಗೂ ಸೇರುವುದಿಲ್ಲ ಎಂದಿದ್ದರು. ಈ ವರ್ಷದಿಂದ ತಡೆ ಇಡೀ ಸರೋವರಕ್ಕೆ. ಹಾಗಾದರೆ ರೇಡಿಯೋ ಮಾತೂ ಇಡೀ ಸರೋವರಕ್ಕೆ ತಾನೆ.

ಒಳಗೆ ಅವಳ ಬಾಯಿಯ ಹತ್ತಿರ ಮೈಕು ಹಿಡಿದರು. ಹೇಳಿಕೊಟ್ಟ ಮಾತನ್ನು ಅವಳು ತನ್ನ ಜನರ ಯಾವೊ ನುಡಿಯಲ್ಲಿ, ನೆಲ ನೋಡುತ್ತಲೇ ಹೇಳಿದಳು.

"ಮೀನು ಮರಿ ಮಾಡೋ ಕಾಲ. ಬಲೆ ಮೇಲಿಡಿ. ಮನೇಲಿರಿ, ಇದ್ದದ್ದನ್ನೇ ಹಂಚ್ಕೊಂಡು ಉಣ್ಣೋಣ."

ಇನ್ನೊಮ್ಮೆ ಹೇಳಿಸುವುದೇ ಬೇಡ ಎಂದು ಮೇಡಂ ಅವಳ ಬೆನ್ನು ತಟ್ಟಿ, ಹಳದಿ ಚೀಟಿಯ ಮೇಲೆ ಅವಳ ಹೆಸರು ಬರೆದು ಕಾಗದದ ನಡುವೆ ಅಂಟಿಸಿದರು.

ಬಡಗಣ ಸೀಮೆಯವರಾದ ನ್ಯಿರೆಂಡಾ ಸಾಹೇಬರು ಎದ್ದು ಆ ಚೀಟಿಯನ್ನು ಕಿತ್ತರು. ಕಾಗದಕ್ಕೆ ಅಡ್ಡಗೆರೆ ಎಳೆದು, ಚೀಟಿಯನ್ನು ಗೆರೆಯ ಕೆಳಗೆ, ಅವಳ ತೆಂಕಣ ದಡದ ಪಾಲಿಗೆ ಅಂಟಿಸಿದರು.

"ನಮ್ಮ ಕಡೆ ಬೆಸ್ತರು ಯಾವೊ ಜನದ ಹೆಂಗಸಿನ ಮಾತಿಗೆ ಬಲೆ ಮೇಲಿಡ್ತಾರಾ ಮೇಡಂ? ನಮ್ಮ ಟೊಂಗಾ ಜನದವಳೇ ಹೇಳ್ಬೇಕು. ಅಲ್ಲಿ ಇವಳ ಮಾತು ಯಾರಿಗೆ ಅರ್ಥವಾಗುತ್ತೆ?"

ಮೇಡಂ ಒಪ್ಪಿದರು. ಸಾಹೇಬರು ಹೇಳಿದ್ದು ಸರಿಯೆಂದು ಆಸಿಯಾತುವಿಗೂ ಗೊತ್ತಿತ್ತು. ಆ ದಡದಲ್ಲಿ ಅವಳ ಮಾತು ಅರ್ಥವಾಗುವವನು ಒಬ್ಬನೇ.

ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವರು ಆಗಲೇ ಕಾಡಿನ ವಿಷಯಕ್ಕೆ ದಾಟಿ, ಇದ್ದಿಲು ಸುಡುವವರಿಗೆ ಯಾರಿಂದ ಹೇಳಿಸುವುದೆಂದು ಎಲ್ಲರೂ ಒಟ್ಟಿಗೇ ವಾದಿಸುತ್ತಿದ್ದರು.

"ಸಾರ್, ನನ್ನ ಮಾತನ್ನೂ ಆ ಕಡೆಗೆ ಕಳಿಸಿ," ಎಂದಳು. "ಒಂದೇ ಸಲ. ಸಂಜೆ ಹೊತ್ತು."